ಒಂದೆಲೆಯ ವರ್ಷ, ಎರಡೆಲೆಯ ವರ್ಷ

ಮೇಡಂ ತೀರಿಕೊಂಡ ಮೇಲೆ ಅವರ ಮಗಳು ಡರ್ಬಿಯಿಂದ ಫೋನ್ ಮಾಡಿದ್ದಳು. ಅಂತ್ಯಕ್ರಿಯೆಯ ದಿನ ಅಮ್ಮನ ಬಗ್ಗೆ ಹಳೆಯ ನೆರೆಯವರು ಯಾರಾದರೂ ನಾಲ್ಕು ಮಾತಾಡಬೇಕಂತೆ. "ಜಸ್ಟ್ ಫೈವ್ ಮಿನಿಟ್ಸ್, ಪ್ಲೀಸ್. ಇಂಗ್ಲಿಷ್‌ನಲ್ಲಿ ಇರ್ಲಿ, ಸ್ಕೂಲ್ ಪೀಪಲ್ ಕೂಡ ಬರ್ತಾರೆ" ಎಂದಳು. ನಾನು ಕೂತು ಒಂದು ಪುಟ ಬರೆದೆ. ನಿಷ್ಠಾವಂತ ಕೆಲಸಗಾರ್ತಿ, ಪ್ರೀತಿಯ ತಾಯಿ, ತೋಟಗಾರಿಕೆಯಲ್ಲಿ ಆಸಕ್ತಿ. ಇಂಗ್ಲಿಷೆಲ್ಲ ಸರಿಯಾಗಿಯೇ ಇತ್ತು. ಓದಿದೆ, ಎಲ್ಲರೂ ತಲೆಯಾಡಿಸಿದರು, ಒಂದಿಬ್ಬರು ಕಣ್ಣೊರೆಸಿಕೊಂಡರು. ಮನೆಗೆ ಬಂದು ಕೋಟು ಬಿಚ್ಚುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಹೆಸರೊಂದನ್ನು ಬದಲಾಯಿಸಿದರೆ ಆ ಪುಟವನ್ನು ಯಾರ ಅಂತ್ಯಕ್ರಿಯೆಯಲ್ಲಿ ಬೇಕಾದರೂ ಓದಬಹುದಿತ್ತು. "ತೋಟಗಾರಿಕೆಯಲ್ಲಿ ಆಸಕ್ತಿ" ಅನ್ನುವ ಮಾತು ಕಿವಿಗೆ ಬಿದ್ದಿದ್ದರೆ ಮೇಡಂ ಎದ್ದು ಕೂತು ನನಗೆ ಸೊನ್ನೆ ಹಾಕುತ್ತಿದ್ದರು. ಅದಕ್ಕೇ ಈಗ ಕನ್ನಡದಲ್ಲಿ, ಐದು ನಿಮಿಷದ ಹಂಗಿಲ್ಲದೆ ಬರೆಯುತ್ತಿದ್ದೇನೆ.

ಅವರನ್ನು ಮೇಡಂ ಎಂದು ಕರೆಯುತ್ತಿದ್ದವಳು ನಾನೊಬ್ಬಳೇ ಅಲ್ಲ. ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ನಮ್ಮ ರಸ್ತೆಯ ಪೋಸ್ಟ್‌ಮನ್, ಮೂಲೆ ಅಂಗಡಿಯವನು, ಎದುರುಮನೆಯಲ್ಲಿ ವರ್ಷಕ್ಕೊಮ್ಮೆ ಬದಲಾಗುವ ವಿದ್ಯಾರ್ಥಿಗಳು, ಎಲ್ಲರಿಗೂ ಅವರು ಮೇಡಂ. ಧಾರವಾಡದ ಕಾಲೇಜೊಂದರಲ್ಲಿ ಆರು ವರ್ಷ ಬಾಟನಿ ಕಲಿಸಿ, ಡಾಕ್ಟರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಇಲ್ಲಿ ಅವರ ಡಿಗ್ರಿಗೆ ಸಿಕ್ಕಿದ್ದು ಒಂದು ಸೆಕೆಂಡರಿ ಸ್ಕೂಲಿನ ಲ್ಯಾಬ್ ಟೆಕ್ನಿಷಿಯನ್ ಕೆಲಸ. ಟ್ರೇ ಜೋಡಿಸುವುದು, ಸ್ಲೈಡ್ ತೊಳೆಯುವುದು, ಮಕ್ಕಳು ಒಡೆದ ಬೀಕರ್ ಗುಡಿಸುವುದು. ನಿವೃತ್ತಿಯವರೆಗೂ ಅದನ್ನೇ ಮಾಡಿದರು. ಪಾಠ ಮಾಡುವುದು ಕೈತಪ್ಪಿತೆಂದು ಬೇಜಾರಾಗಲಿಲ್ಲವೇ ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ. "ಮೊದಲೆರಡು ವರ್ಷ ಆತು. ಆಮ್ಯಾಲ ನೋಡಿದೆ, ಕ್ಲಾಸಿಗೆ ಹೋಗೂ ಹೂ ಮೊದಲು ನನ್ನ ಕೈಗೇ ಬರ್ತಿತ್ತು. ಟೀಚರ್ ಪಾಪ ಎರಡನೇ ನಂಬರ್" ಎಂದು ನಕ್ಕರು. ಅದು ಸಮಾಧಾನಕ್ಕೆ ಹೇಳಿಕೊಂಡ ಮಾತಾಗಿರಲಿಲ್ಲ. ಅವರಿಗೆ ನಿಜಕ್ಕೂ ಹಾಗೇ ಅನ್ನಿಸಿತ್ತು.

ಕನ್ನಡದವರು ನಾಲ್ಕು ಜನ ಸೇರಿದ ಕಡೆ ಮೇಡಂ ನಮ್ಮೆಲ್ಲರ ಹಾಗೆ ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದರು. ಸಿಟ್ಟು ಬಂದಾಗ ಮತ್ತು ಗಿಡದ ವಿಷಯ ಬಂದಾಗ ಮಾತ್ರ ಧಾರವಾಡಕ್ಕೆ ಹೋಗಿಬಿಡುತ್ತಿದ್ದರು. ಹಾಗಾಗಿ ನನಗೆ ಅವರ ಧಾರವಾಡದ ಪರಿಚಯವೇ ಹೆಚ್ಚು.

ನಾವು ಪಕ್ಕದ ಮನೆಗೆ ಬಂದ ದಿನ, ಸಾಮಾನು ಇನ್ನೂ ವ್ಯಾನಿನಲ್ಲೇ ಇತ್ತು. ನನ್ನ ಗಂಡನಿಗೆ ಆಸ್ಪತ್ರೆಯಲ್ಲಿ ಹೊಸ ಪೋಸ್ಟಿಂಗು, ನನಗೆ ಅಲ್ಲೇ ಎಕ್ಸ್‌ರೇ ವಿಭಾಗದಲ್ಲಿ ಕೆಲಸ, ಮಗಳು ತನ್ವಿಗೆ ಎರಡು ವರ್ಷ. ಬೇಲಿಯ ಮೇಲೆ ಒಂದು ಬಿಳಿ ತಲೆ ಕಾಣಿಸಿತು. ನಮ್ಮವರ ಹಾಗೇ ಕಾಣುತ್ತಾರೆ, ಕಾಫಿಗೆ ಕರೆಯುತ್ತಾರೇನೋ ಎಂದು ನಾನು ಹಲ್ಲು ಕಿರಿದು ನಿಂತೆ. ನಮ್ಮ ಕನ್ನಡ ಕಿವಿಗೆ ಬಿದ್ದಿತ್ತೇನೋ, ಅವರು ಕೇಳಿದ್ದು, "ನೀವು ಕಳೆನಾಶಕ ಹೊಡೆಯೋರಾ?"

ಬೇಲಿಗೂ ನಮ್ಮ ಅಡುಗೆಮನೆಯ ಗೋಡೆಗೂ ನಡುವೆ ಒಂದು ಗಜ ಅಗಲದ ಜಲ್ಲಿಕಲ್ಲಿನ ಪಟ್ಟಿ ಇದೆ. ಹಳೆಯ ಬಾಯ್ಲರಿನ ಪೈಪು ಗೋಡೆ ತೂರಿ ಅಲ್ಲಿಗೇ, ಮೊಣಕಾಲಿನ ಎತ್ತರಕ್ಕೆ ಬಾಯಿಬಿಡುತ್ತದೆ. ಮನೆಯಲ್ಲಿ ಯಾರು ಬಿಸಿನೀರಿನ ನಲ್ಲಿ ತಿರುಗಿಸಿದರೂ ಬುಸ್ಸೆಂದು ಬಿಳಿ ಆವಿ ಬರುತ್ತದೆ. ಆ ಜಾಗದಲ್ಲಿ ಕಳೆ ಕೂಡ ಸರಿಯಾಗಿ ಬೆಳೆಯುತ್ತಿರಲಿಲ್ಲ. "ಹೊಡೆದ್ರೆ ಏನೀಗ?" ಎಂದೆ, ಸ್ವಲ್ಪ ಗಡುಸಾಗಿಯೇ. ಅವರು ನನ್ನನ್ನು ತಮ್ಮ ತೋಟಕ್ಕೆ ಕರೆದುಕೊಂಡು ಹೋಗಿ ಬೇಲಿಯ ಬುಡ ತೋರಿಸಿದರು. ಬೂದುಹಸಿರು ಬಣ್ಣದ, ಕಾಲುವೆಯ ಹಾಗೆ ನಡು ತಗ್ಗಿದ, ನೀಳವಾದ ಎಲೆಗಳು ಒಂದೊಂದಾಗಿ ನೆಲದಿಂದ ಎದ್ದು ಅತ್ತಿತ್ತ ಬಿದ್ದಿದ್ದವು. ಹೂವಿಲ್ಲ, ಮೊಗ್ಗಿಲ್ಲ.

"ಈರುಳ್ಳಿನಾ?" ಎಂದೆ.

"ಟ್ಯೂಲಿಪ್" ಎಂದರು.

ನಾನು ನಕ್ಕುಬಿಟ್ಟೆ. ಟ್ಯೂಲಿಪ್ ಎಂದರೆ ಹಾಲೆಂಡಿನ ಫೋಟೋಗಳಲ್ಲಿ ಸಾಲಾಗಿ ನಿಂತಿರುವ ಕೆಂಪು ಹಳದಿ ಬಟ್ಟಲುಗಳು ಎಂದಷ್ಟೇ ನನಗೆ ಗೊತ್ತಿದ್ದದ್ದು. ಇದು ಕಾಡು ಟ್ಯೂಲಿಪ್ ಎಂದು ಅವರು ವಿವರಿಸಿದರು. ಟ್ಯೂಲಿಪಾ ಸಿಲ್ವೆಸ್ಟ್ರಿಸ್. ಯಾರೂ ತಿದ್ದಿ ತೀಡದ್ದು, ಯಾರೋ ಯಾವಾಗಲೋ ಯೂರೋಪಿನ ದಕ್ಷಿಣದಿಂದ ತೋಟಕ್ಕೆಂದು ತಂದದ್ದು, ತೋಟ ಬಿಟ್ಟು ಓಡಿಹೋಗಿ ಹಳೆಯ ಚರ್ಚುಗಳ ಅಂಗಳದಲ್ಲಿ, ದೊಡ್ಡ ಮನೆಗಳ ಹಿತ್ತಿಲಲ್ಲಿ ತಲೆಮರೆಸಿಕೊಂಡು ಬದುಕಿರುವುದು. "ಹೂ ಯಾವಾಗ ಬಿಡುತ್ತೆ?" ಎಂದು ಕೇಳಿದೆ. "ಗೊತ್ತಿಲ್ಲ. ಇನ್ನೂ ಬಿಟ್ಟಿಲ್ಲ" ಎಂದರು, ಬಸ್ಸು ಇನ್ನೂ ಬಂದಿಲ್ಲ ಅನ್ನುವಷ್ಟು ಸಲೀಸಾಗಿ.

ಅದರ ಕಥೆ ಆಮೇಲೆ ತಿಳಿಯಿತು. ಅವರ ಸ್ಕೂಲು ಮೊದಲು ಯಾರೋ ಶ್ರೀಮಂತರ ಬಂಗಲೆಯಾಗಿತ್ತಂತೆ. ಅದರ ಹಿಂದಿನ ಮರಗಳ ಕೆಳಗೆ ಪ್ರತಿ ವಸಂತದಲ್ಲೂ ಈ ಎಲೆಗಳು ಬರುತ್ತಿದ್ದವು. ಇವರು ನಿವೃತ್ತರಾದ ವರ್ಷ ಅಲ್ಲಿ ಹೊಸ ಕಟ್ಟಡಕ್ಕೆಂದು ನೆಲ ಅಗೆಯುವುದೆಂದು ಗೊತ್ತಾಯಿತು. ಸ್ಕೂಲಿನ ಕೇರ್‌ಟೇಕರ್ ಒಬ್ಬ, ಯಾರ್ಕ್‌ಷೈರಿನ ಮುದುಕ, ಶನಿವಾರ ಗೇಟು ತೆಗೆದುಕೊಟ್ಟ. ಇಬ್ಬರೂ ಸೇರಿ ಗುದ್ದಲಿ ಹಿಡಿದರು. ಗೆಡ್ಡೆ ಸಿಗುವುದಕ್ಕೆ ಒಂದೂವರೆ ಅಡಿ ತೋಡಬೇಕಾಯಿತಂತೆ. ಈ ಗಿಡದ ಸ್ವಭಾವವೇ ಹಾಗೆ. ಗೆಡ್ಡೆಯಿಂದ ಬಿಳಿ ದಾರದಂಥ ಕುಡಿಯೊಂದು ಹೊರಟು, ಮಣ್ಣಿನೊಳಗೇ ಅಡ್ಡಡ್ಡ ಹೋಗಿ, ಕೆಳಗಿಳಿದು, ತುದಿಯಲ್ಲಿ ಹೊಸ ಮರಿಗೆಡ್ಡೆ ಕಟ್ಟುತ್ತದೆ. ಹೂ ಬಿಡುವ ಉಸಾಬರಿಯೇ ಇಲ್ಲದೆ ಹೀಗೆ ನೆಲದಡಿಯಲ್ಲೇ ಸಂಸಾರ ಬೆಳೆಸಿಕೊಂಡು ಎಷ್ಟು ವರ್ಷವಾದರೂ ಇರಬಲ್ಲದು. "ಅದು ಹೂ ಬಿಡಲ್ಲ, ಲವ್. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಲ ನೋಡಿದ್ದೆ, ಅಷ್ಟೇ" ಎಂದನಂತೆ, ಎಲ್ಲರನ್ನೂ 'ಲವ್' ಎಂದೇ ಕರೆಯುವ ಆ ಕೇರ್‌ಟೇಕರ್. ಹಳದಿ ಹೂ, ಒಳ್ಳೆಯ ವಾಸನೆ, ಮೊಗ್ಗಿದ್ದಾಗ ತಲೆ ತಗ್ಗಿಸಿಕೊಂಡಿತ್ತು ಎಂದೂ ಹೇಳಿದ್ದ. ಮೇಡಂ ಮನಸ್ಸಿಗೆ ಹಚ್ಚಿಕೊಂಡದ್ದು ಆ ಮಾತನ್ನು. ಪುಸ್ತಕದಲ್ಲಿ ಅವರು ಅದನ್ನು ಎಷ್ಟೋ ಸಲ ಓದಿದ್ದರು. ಕಣ್ಣಲ್ಲಿ ನೋಡಬೇಕಿತ್ತು.

ಹಾಗೆ ಶುರುವಾಯಿತು ನಮ್ಮ ಬೇಲಿಯ ಮೇಲಿನ ವಾರ್ಷಿಕ ಸಮಾಚಾರ. ಮಾರ್ಚ್ ನಡುವಿನಲ್ಲಿ ಮೇಡಂ ಹಳೆಯ ಯೋಗಾ ಮ್ಯಾಟ್ ಒಂದನ್ನು ಮಡಚಿ ಮೊಣಕಾಲ ಕೆಳಗೆ ಹಾಕಿಕೊಂಡು ಬೇಲಿಯ ಬುಡದಲ್ಲಿ ಕೂರುವರು. ಒಂದೊಂದು ಗಿಡಕ್ಕೂ ಎಲೆ ಎಣಿಸುವರು. ಹೂವಿಗೆ ಸಿದ್ಧವಿಲ್ಲದ ಗೆಡ್ಡೆ ಒಂದೇ ಒಂದು ಎಲೆ ಕಳಿಸುತ್ತದೆ. ಹೂ ಹೊತ್ತ ಗೆಡ್ಡೆಗೆ ಎರಡು ಅಥವಾ ಮೂರು ಎಲೆ. ಅಷ್ಟು ನನಗೂ ಪಾಠವಾಗಿತ್ತು.

"ಒಂದೋ ಎರಡೋ?" ಎಂದು ನಾನು ಈ ಕಡೆಯಿಂದ ಕೂಗುತ್ತಿದ್ದೆ.

"ಈ ವರ್ಷನೂ ಒಂದ್ ಎಲಿನೇ ನೋಡವಾ" ಎನ್ನುತ್ತಿದ್ದರು. ಆ ದನಿಯಲ್ಲಿ ಬೇಸರದ ಸುಳಿವು ಇರುತ್ತಿರಲಿಲ್ಲ. ಬೇಸರವೆಲ್ಲ ನನ್ನದು.

"ಸ್ವಲ್ಪ ಗೊಬ್ಬರನಾದ್ರೂ ಹಾಕಿ ಮೇಡಂ!"

"ಗೊಬ್ಬರ ಹಾಕಿದ್ರ ಎಲಿ ದಪ್ಪ ಆಗ್ತಾವ. ನಾ ಏನ್ ಪಲ್ಯಾ ಮಾಡಾಕಿ ಅದೀನೇನ? ಇಕಿಗೆ ಬ್ಯಾಸಿಗಿ ಬೇಕು. ಒಣಾ ಬ್ಯಾಸಿಗಿ, ಬಿಸಿ ಮಣ್ಣು. ಶೆಫೀಲ್ಡಿನಾಗ ಎಲ್ಲಿಂದ ತರೂಣು?"

ಗಿಡಕ್ಕೆ ಅವರು 'ಇಕಿ' ಎನ್ನುತ್ತಿದ್ದರು. ಒಂದು ಯುಗಾದಿ ಊಟದಲ್ಲಿ ಯಾರೋ ಹೊಸ ಡಾಕ್ಟರು, ಮೇಡಂ ತಮ್ಮ ಟ್ಯೂಲಿಪ್ ಕಥೆ ಹೇಳಿದ್ದನ್ನು ಕೇಳಿ, "ಎಷ್ಟು ಚೆನ್ನಾಗಿದೆ, ನಮ್ಮ ಹಾಗೇ ಅಲ್ವಾ, ಎಲ್ಲಿಂದಲೋ ಬಂದು ಇಲ್ಲಿ ಬೇರು ಬಿಟ್ಟಿರೋದು" ಎಂದು ಭಾವುಕರಾದರು. ಮೇಡಂ ಒಬ್ಬಟ್ಟು ಮುರಿಯುವುದನ್ನು ನಿಲ್ಲಿಸಿದರು. "ನಮ್ಮ ಹಂಗ ಹೆಂಗ ಆಗ್ತದರೀ? ನಮಗ ಅಂಡಾಶಯದ ಸುತ್ತ ಆರು ಕೇಸರ ಅದಾವೇನು? ಸಸ್ಯಾನ ಸಸ್ಯ ಅಂತ ನೋಡ್ರಿ" ಎಂದರು.

ಅವರ ಕೈಚೀಲದಲ್ಲಿ ಪೆನ್ನು ಇಲ್ಲದಿದ್ದರೂ ಒಂದು ಭೂತಗನ್ನಡಿ ಮತ್ತು ಬೆಂಕಿಪೊಟ್ಟಣದಲ್ಲಿಟ್ಟ ಅರ್ಧ ಬ್ಲೇಡು ಇರುತ್ತಿದ್ದವು. ಯಾರಾದರೂ ಹೂಗುಚ್ಛ ಕೊಟ್ಟರೆ ನೀರಿಗಿಡುವ ಮೊದಲು ಒಂದನ್ನು ಸೀಳಿ ನೋಡಲೇಬೇಕು. ತನ್ವಿಗೆ ಐದು ತುಂಬಿದ ಹುಟ್ಟುಹಬ್ಬದಲ್ಲಿ, ಮಕ್ಕಳೆಲ್ಲ ಕೇಕಿಗೆ ಕಾಯುತ್ತಿರುವಾಗ, ಇವರು ಮೇಜಿನ ಮೇಲಿದ್ದ ಲಿಲ್ಲಿಯೊಂದನ್ನು ಬಿಡಿಸಿ ಹರಡಿದ್ದರು. ಮಕ್ಕಳು ಕೇಕು ಮರೆತು ಅವರ ಸುತ್ತ ಗುಂಪಾದವು. "ವಾವ್" ಎಂದಿತು ಒಂದು ಮಗು. "ಮೊದಲು ಎಣಿಸು, ಆಮೇಲೆ ವಾವ್ ಅನ್ನು" ಎಂದರು ಮೇಡಂ ಇಂಗ್ಲಿಷಿನಲ್ಲಿ. ಅದು ಅವರ ಮಂತ್ರ. ಎಷ್ಟು ಪಕಳೆ, ಎಷ್ಟು ಕೇಸರ, ಎಷ್ಟು ಕೋಣೆ ಎಂದು ಎಣಿಸದೆ ಆಶ್ಚರ್ಯಪಡುವುದು ಅವರ ಲೆಕ್ಕದಲ್ಲಿ ಸೋಮಾರಿತನ.

ಇನ್ನು ನಮ್ಮ ಅತ್ತೆಯ ಪ್ರವೇಶ. ಅತ್ತೆ ಮೈಸೂರಿನವರು. ಅಲ್ಲಿ ಬೆಳಗಿನ ವಾಕಿಂಗಿಗೆ ಹೊರಡುವಾಗ ಸೆರಗಿನಡಿ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ಹೋಗಿ, ದಾರಿಯಲ್ಲಿ ಯಾರ ಕಾಂಪೌಂಡಿನಿಂದ ಯಾವ ದಾಸವಾಳ ಬಾಗಿದ್ದರೂ ಅದನ್ನು ದೇವರಿಗೆ ಮುಟ್ಟಿಸುವುದು ಅವರ ನಿತ್ಯವ್ರತ. ಆರು ತಿಂಗಳ ವೀಸಾದಲ್ಲಿ ಮೊದಲ ಸಲ ಬಂದಾಗ ಏರ್‌ಪೋರ್ಟಿನಿಂದ ಬರುವ ದಾರಿಯಲ್ಲೇ ನನ್ನ ಗಂಡ ಹೇಳಿದ್ದರು: "ಅಮ್ಮ, ಇಲ್ಲಿ ಬೇರೆಯವರ ತೋಟದ ಹೂ ಮುಟ್ಟೋ ಹಾಗಿಲ್ಲ. ನಮ್ಮ ಮನೆದು ಮಾತ್ರ." ಅತ್ತೆ ಮಾತು ತಪ್ಪುವವರಲ್ಲ. ಪಕ್ಕದ ಮನೆಗಳಲ್ಲಿ ಡಾಫೊಡಿಲ್ ರಾಶಿರಾಶಿ ಬಿಟ್ಟರೂ ಕೈಕಟ್ಟಿಕೊಂಡು, ಬರೀ ಅಕ್ಷತೆಯಲ್ಲಿ ಪೂಜೆ ಮುಗಿಸುತ್ತಿದ್ದರು. ಆಸೆಗಣ್ಣಿನಲ್ಲಿ ಬೇಲಿಯಾಚೆ ನೋಡುವಾಗ ನನಗೇ ಪಾಪ ಅನ್ನಿಸುತ್ತಿತ್ತು.

ಅದು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ಮೇಡಂ ಗೆಡ್ಡೆ ನೆಟ್ಟು ಎಂಟನೇ ವರ್ಷ. ಆ ಸಲವೂ ಒಂದೆಲೆ ಎಂದು ಮಾರ್ಚಿನಲ್ಲೇ ಸಮಾಚಾರ ಬಂದಿತ್ತು. ನಾನು ತನ್ವಿಯ ಲಂಚ್‌ಬಾಕ್ಸ್ ಕಟ್ಟುತ್ತಿದ್ದೆ. ಅತ್ತೆ ದೇವರ ಗೂಡಿನ ಮುಂದೆ ಕೂತು, "ಬಾರಮ್ಮ ಇಲ್ಲಿ, ನೋಡು ಆಶ್ಚರ್ಯನ. ಕೀಳುವಾಗ ಮೊಗ್ಗಾಗಿತ್ತು. ದೇವರ ತಲೆ ಮೇಲೆ ಇಟ್ಟು ದೀಪ ಹಚ್ಚಿದೆ, ನೋಡ್ತಾ ನೋಡ್ತಾ ಅರಳಿಬಿಡ್ತು!" ಎಂದರು.

ಬೆಳ್ಳಿಯ ಗಣಪತಿಯ ತಲೆಯ ಮೇಲೆ ಹಳದಿ ಹೂವೊಂದು ನಕ್ಷತ್ರದ ಹಾಗೆ ಬಿಚ್ಚಿಕೊಂಡಿತ್ತು. ಚೂಪು ತುದಿಯ ಆರು ಪಕಳೆ. ಹೊರಗಿನ ಮೂರಕ್ಕೆ ಬೆನ್ನ ಮೇಲೆ ಹಸಿರು ಛಾಯೆ, ಅವು ಹಿಂದಕ್ಕೆ ಮಡಚಿಕೊಂಡಿದ್ದವು. ಹತ್ತಿರ ಹೋದರೆ ನಿಂಬೆಸಿಪ್ಪೆ, ಜೇನು ಎರಡೂ ಕಲೆತಂಥ ಘಮ. ನನಗೆ ಇನ್ನೂ ಹೊಳೆದಿರಲಿಲ್ಲ. ಟೋಸ್ಟ್ ಹಿಡಿದು ಬಂದ ತನ್ವಿ ನೋಡಿದಳು. "ಅಜ್ಜಿ! ದಟ್ಸ್ ಮೇಡಮ್ಸ್ ಟ್ಯೂಲಿಪ್!" ಎಂದು ಕಿರುಚಿದಳು.

"ಬೇರೆಯವರದ್ದು ನಾನ್ಯಾಕೆ ಮುಟ್ಲಿ? ನಮ್ಮ ಜಲ್ಲಿಕಲ್ಲಲ್ಲೇ ಇತ್ತು, ಆ ಪೈಪಿನ ಪಕ್ಕ" ಎಂದರು ಅತ್ತೆ. ಹೇಳುತ್ತಾ ಹೇಳುತ್ತಾ ನಮ್ಮ ಮುಖ ನೋಡಿ ಅವರ ದನಿ ಇಳಿಯಿತು.

ಇಕಿ ಬೇಲಿಯ ಅಡಿಯಿಂದ ತೂರಿ ನಮ್ಮ ಕಡೆಗೆ ಬಂದಿದ್ದಳು. ಎಂಟು ವರ್ಷ ಮೇಡಂ ಬಾಗಿ ನೋಡಿದ್ದು ಬೇಲಿಯ ಆ ಕಡೆಯಲ್ಲೇ. ನಾನಂತೂ ಜಲ್ಲಿಯ ಕಡೆ ತಿರುಗಿಯೂ ನೋಡಿದವಳಲ್ಲ.

ಮೇಡಂಗೆ ಹೇಳಲು ಹೊರಟೆ. ಸುಳ್ಳು ಹೇಳಿಬಿಡೋಣ ಎಂದೂ ಅನ್ನಿಸಿತು. ನಿಜವನ್ನೇ ಹೇಳಿದೆ. ಅವರು ಚಪ್ಪಲಿ ಮೆಟ್ಟಿ ಬಂದರು. ದೇವರ ಗೂಡಿನ ಮುಂದೆ ಬಗ್ಗಿ ಹೂವನ್ನು ನೋಡಿದರು. ಅತ್ತೆ ಕೈ ಹಿಸುಕಿಕೊಳ್ಳುತ್ತಾ, "ತಪ್ಪಾಯ್ತು ತಾಯಿ, ನಂಗೆ ಗೊತ್ತಾಗ್ಲಿಲ್ಲ" ಎಂದರು. ಮೇಡಂ ಕೇಳಿದ್ದು, "ಪೂಜೆ ಮುಗಿದಿದೆಯಾ? ತಗೋಬಹುದಾ?"

ಅತ್ತೆ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹೂ ಎತ್ತಿಕೊಟ್ಟರು. ಅಡುಗೆಮನೆಯ ಮೇಜಿನ ಮೇಲೆ ಭೂತಗನ್ನಡಿ, ಅರ್ಧ ಬ್ಲೇಡು ಹೊರಬಂದವು. ತನ್ವಿ ಆ ದಿನ ಸ್ಕೂಲಿಗೆ ತಡವಾಗಿ ಹೋದಳು. ಮೇಡಂ ಅವಳ ಕೈಯಲ್ಲೇ ಎಣಿಕೆ ಮಾಡಿಸಿದರು. ಮೂರು ಮೂರು ಪಕಳೆ. ಆರು ಕೇಸರ, ಪ್ರತಿಯೊಂದರ ಬುಡದಲ್ಲೂ ಮೆತ್ತನೆಯ ಕೂದಲಿನ ಕುಚ್ಚು. "ಈ ಕೂದಲಾ ನೋಡು, ತೋಟದ ದೊಡ್ಡ ಟ್ಯೂಲಿಪ್ಪಿಗೆ ಇದು ಇರೂದಿಲ್ಲ." ನಡುವೆ ಮೂರು ಕೋಣೆಯ ಹಸಿರು ಅಂಡಾಶಯ, ಅದರ ನೆತ್ತಿಗೆ ಕುತ್ತಿಗೆಯೇ ಇಲ್ಲದೆ ನೇರ ಕೂತ ಪುಟ್ಟ ಟೋಪಿ. ಅತ್ತೆಯೂ ಕನ್ನಡಕ ಹಾಕಿಕೊಂಡು ಬಗ್ಗಿದರು. ಎಪ್ಪತ್ತು ವರ್ಷ ಹೂ ಕಿತ್ತವರು ಹೂವಿನ ಒಳಗೆ ನೋಡಿದ್ದು ಅದೇ ಮೊದಲು.

"ದೇವರ ಮುಂದೆ ತಾನಾಗೇ ಅರಳ್ತು ಮೇಡಂ" ಎಂದರು ಅತ್ತೆ ಮೆಲ್ಲಗೆ.

"ದೀಪದ ಬಿಸಿಗೆ ಅರಳ್ತು. ಇದಕ್ಕೆ ಬೆಳಕಲ್ಲ ಮುಖ್ಯ, ಬಿಸಿ. ಬಿಸಿ ತಾಗಿದ್ರೆ ಪಕಳೆಯ ಒಳಮೈ ಬೇಗ ಬೆಳೆಯುತ್ತೆ, ಅರಳುತ್ತೆ. ತಣ್ಣಗಾದ್ರೆ ಹೊರಮೈ ಬೆಳೆಯುತ್ತೆ, ಮುಚ್ಚುತ್ತೆ."

"ದೀಪ ಯಾರದ್ದು?" ಎಂದರು ಅತ್ತೆ.

ಮೇಡಂ ಬ್ಲೇಡು ಕೆಳಗಿಟ್ಟು ಅವರನ್ನು ನೋಡಿ ಜೋರಾಗಿ ನಕ್ಕರು. ಆ ನಗುವಿಗೆ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆಮೇಲೆ ಜಲ್ಲಿಯ ಮೇಲೆ ಮ್ಯಾಟ್ ಹಾಸಿ ಕೂತು ನೋಡಿದರು. ಬಾಯ್ಲರ್ ಪೈಪಿನಿಂದ ಎರಡಡಿ ದೂರದಲ್ಲಿ, ಗೋಡೆಯ ಕಡೆಗೆ ವಾಲಿಕೊಂಡು, ಎರಡು ಎಲೆ. "ಎಲಿ ಬಿಟ್ಟೀರಿ, ಭಾಳ ಛಲೋ ಆತು. ಎಲಿ ಇದ್ರ ಗೆಡ್ಡಿ ಮತ್ತ ಕಟ್ಟತದ" ಎಂದು ಅತ್ತೆಗೆ ಹೇಳಿದರು. ನನ್ನ ಕಡೆ ತಿರುಗಿ, "ಎಂಟು ವರ್ಷ ನಾ ಜ್ವಾಪಾನ ಮಾಡೀನಿ. ಇಕಿ ನೋಡಿದ್ರ ನಿನ್ನ ಬಾಯ್ಲರ್ ಬಾಜೂಕ ಬಂದು ಮನಿ ಮಾಡ್ಯಾಳ! ಬಿಸಿ ಗ್ವಾಡಿ, ಒಣಾ ಕಲ್ಲು. ಇದೇ ಬೇಕಾಗಿತ್ತು ಇಕಿಗೆ" ಎಂದು ಮತ್ತೆ ನಕ್ಕರು. ಏಳುವಾಗ ಮಾತ್ರ ನನ್ನ ತೋಳು ಹಿಡಿದು, ಯಾರಿಗೂ ಕೇಳಿಸದ ಹಾಗೆ, "ಕಿತ್ತ ಹೂ ಬ್ಯಾರೆ, ನಿಂತ ಹೂ ಬ್ಯಾರೆ. ಒಂದ್ ಸಲ ನಿಂತದ್ದು ನೋಡಬೇಕು ನೋಡವಾ" ಎಂದರು. ಅವರು ಏನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹೂ ಬಿಟ್ಟ ಗೆಡ್ಡೆ ಅಲ್ಲಿಗೆ ಮುಗಿಯುತ್ತದೆ. ಅದರ ಹೊಟ್ಟೆಯಲ್ಲಿ ಕಟ್ಟಿದ ಮರಿಗೆಡ್ಡೆ ಮುಂದಿನದನ್ನು ನೋಡಿಕೊಳ್ಳಬೇಕು, ಅದು ಬಲಿಯುವುದಕ್ಕೆ ವರ್ಷಗಳು ಬೇಕು. ಮುಂದಿನ ವರ್ಷ ಒಂದೆಲೆ. ಅದರಾಚೆಯ ವರ್ಷವೂ ಒಂದೆಲೆ. ಅಷ್ಟರಲ್ಲಿ ಮೇಡಂ ಮೊಣಕಾಲು ಕೈಕೊಟ್ಟಿತ್ತು. ಬ್ರೂಮ್‌ಹಿಲ್‌ನ ಏರುರಸ್ತೆ, ಮನೆಯೊಳಗೆ ಕಡಿದಾದ ಮೆಟ್ಟಿಲು. ಡರ್ಬಿಯಲ್ಲಿ ವಿಮಾನದ ಇಂಜಿನ್ನಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಮಗಳು ತನ್ನ ಮನೆಯ ಹತ್ತಿರವೇ ಕೆಳಮಹಡಿಯ ಫ್ಲ್ಯಾಟ್ ನೋಡಿದಳು. ಮೇಡಂ ರಗಳೆ ಮಾಡದೆ ಒಪ್ಪಿಕೊಂಡರು. ಮನೆ ಮಾರಾಟವಾಗಿ, ಏಪ್ರಿಲ್‌ನ ಒಂದು ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕೀ ಒಪ್ಪಿಸುವುದೆಂದು ನಿಶ್ಚಯವಾಯಿತು. ಗೆಡ್ಡೆಗಳನ್ನು ಕಿತ್ತು ಕುಂಡದಲ್ಲಿ ಒಯ್ಯಬಹುದಲ್ಲ ಎಂದೆ. "ಕುಂಡದಾಗ ಇಳಿಯೂದೆಲ್ಲಿಗೆ?" ಎಂದರು.

ಆ ಮಾರ್ಚಿನಲ್ಲಿ ಅವರಿಗೆ ಬಗ್ಗಲಾಗುತ್ತಿರಲಿಲ್ಲ. ನಾನೇ ಮ್ಯಾಟ್ ಹಾಸಿ ಜಲ್ಲಿಯ ಮೇಲೆ ಕೂತೆ. ಎಣಿಸಿದೆ. ನಂಬಿಕೆಯಾಗದೆ ಮತ್ತೆ ಎಣಿಸಿದೆ.

"ಒಂದೋ ಎರಡೋ?" ಎಂದು ಈ ಸಲ ಬೇಲಿಯ ಆ ಕಡೆಯಿಂದ ಕೇಳಿದವರು ಅವರು.

"ಮೂರು ಮೇಡಂ!" ಎಂದೆ.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅತ್ತೆ ಆ ವಸಂತದಲ್ಲಿ ಎರಡನೇ ಸಲ ಬಂದಿದ್ದರು. ಮೂರು ವರ್ಷವೂ ಮೈಸೂರಿನಿಂದ ಪ್ರತಿ ಫೋನಿನಲ್ಲಿ, "ಆ ಮೇಡಂದು ಹೂ ಬಿಡ್ತಾ?" ಎಂದು ಕೇಳುತ್ತಲೇ ಇದ್ದವರು ಈಗ ಜಲ್ಲಿಪಟ್ಟಿಗೆ ಕಾವಲು ನಿಂತರು. ಎಲೆಗಳ ನಡುವಿನಿಂದ ತೆಳ್ಳಗಿನ ಕಾಂಡ ಎದ್ದಿತು. ಅದರ ತುದಿಯಲ್ಲಿ ಹಸಿರು ಮೊಗ್ಗು, ಕೇರ್‌ಟೇಕರ್ ಹೇಳಿದ ಹಾಗೇ ತಲೆ ತಗ್ಗಿಸಿಕೊಂಡು. ಮೇಡಂ ದಿನಾ ಕೋಲೂರಿಕೊಂಡು ನಮ್ಮ ಗೇಟಿನಿಂದ ಬಂದು, ಕುರ್ಚಿ ಹಾಕಿಸಿಕೊಂಡು, ಅರ್ಧ ಗಂಟೆ ಕೂತು ಹೋಗುವರು. ದಿನಕ್ಕಿಷ್ಟು ಮೊಗ್ಗು ತಲೆಯೆತ್ತಿತು, ಹಸಿರು ಹಳದಿಗೆ ತಿರುಗಿತು. ಗುರುವಾರ ನೆಟ್ಟಗೆ ನಿಂತಿತು. ಶುಕ್ರವಾರ ಅರಳಬೇಕು.

ಶುಕ್ರವಾರ ಬೆಳಿಗ್ಗೆ ಕಿಟಕಿ ತೆರೆದರೆ ಆಕಾಶ ಬೂದಿಬಣ್ಣ. ಉಸಿರು ಬಿಟ್ಟರೆ ಹೊಗೆ. ಮೊಗ್ಗು ಬಿಗಿಯಾಗಿ ಮುಚ್ಚಿಕೊಂಡು ಕೂತಿತ್ತು. ವ್ಯಾನು ಸಾಮಾನು ಹೇರಿಕೊಂಡು ಹತ್ತಕ್ಕೆ ಹೊರಟುಹೋಯಿತು. ಹನ್ನೊಂದಾಯಿತು. ಮೇಡಂ ಕೋಟು, ಶಾಲು, ಉಣ್ಣೆ ಟೋಪಿಯಲ್ಲಿ ನಮ್ಮ ಜಲ್ಲಿಯ ಮೇಲೆ ಕುರ್ಚಿ ಹಾಕಿ ಕೂತಿದ್ದರು. ಮಗಳು ಕಾರಿನ ಕೀ ಕುಣಿಸುತ್ತಾ, "ಅಮ್ಮ, ವಿ ಹ್ಯಾವ್ ಟು ಗೋ. ಇಟ್ಸ್ ನಾಟ್ ಓಪನಿಂಗ್ ಟುಡೇ. ಫೋಟೋ ಕಳಿಸ್ತಾರೆ" ಎಂದಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು, ಅದು ಇನ್ನೂ ಸಿಟ್ಟು ತರಿಸಿತು.

ಆಗ ಒಳಗೆ ಯಾರೋ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿರಬೇಕು. ಪೈಪು ಬುಸ್ಸೆಂದು ಆವಿ ಬಿಟ್ಟಿತು. ಮೇಡಂ ಅದನ್ನು ನೋಡಿದರು, ಮೊಗ್ಗನ್ನು ನೋಡಿದರು. ಕುರ್ಚಿಯಲ್ಲಿ ನೆಟ್ಟಗಾದರು.

"ಬಾಯ್ಲರ್ ಹಚ್ಚವಾ!" ಎಂದು ಕೂಗಿದರು. "ಲಗೂನ! ಇದ್ದಬದ್ದ ಬಿಸಿನೀರಿನ ನಳಾ ಎಲ್ಲಾ ಬಿಡು!"

ನಾನು ಒಳಗೆ ಓಡಿದೆ. ಹೀಟಿಂಗ್ ಪೂರ್ತಿ ಏರಿಸಿದೆ, ಅಡುಗೆಮನೆಯ ನಲ್ಲಿ ಬಿಟ್ಟೆ. ಅತ್ತೆಗೆ ವಿಷಯ ಹೇಳಿದೆ. ಒಂದು ಬಕೆಟ್ ನೀರಿನಲ್ಲಿ ತಲೆಸ್ನಾನ ಮುಗಿಸಿ, ಇನ್ನೊಬ್ಬರು ಶವರಿನಲ್ಲಿ ಐದು ನಿಮಿಷ ನಿಂತರೆ ಬಾಗಿಲು ಬಡಿಯುವ ಹೆಂಗಸು ಅವರು. ಬೆಳಿಗ್ಗೆ ಆರಕ್ಕೇ ಸ್ನಾನವಾಗಿತ್ತು. "ಇನ್ನೊಂದು ಸಲ ಮಾಡ್ತೀನಿ ಬಿಡು" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಮೇಲೆ ಹೋದರು. ಶವರಿನ ಸದ್ದು ಕೇಳಿಸಿತು.

ಹೊರಗೆ ಬಂದರೆ ಆವಿಯೆಲ್ಲ ಮೇಲಕ್ಕೆ ಹೋಗುತ್ತಿತ್ತು. ಮೊಗ್ಗಿಗೆ ಒಂದು ಎಳೆಯೂ ತಾಗುತ್ತಿರಲಿಲ್ಲ. ಮೇಡಂ ಮಗಳು ಒಂದು ಕ್ಷಣ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಹಾಟ್ ಏರ್ ಮೇಲೇ ಹೋಗುತ್ತೆ ಅಮ್ಮ. ಯೂ ನೀಡ್ ಅ ಡಿಫ್ಲೆಕ್ಟರ್" ಎಂದಳು. ಕಾರಿನ ಕೀ ಜೇಬಿಗೆ ಹೋಯಿತು. ಮಿಕ್ಕಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಹರಿದು, ಪೈಪಿನ ಮೇಲೆ ಓರೆಯಾಗಿ ಹಿಡಿದು, ಆವಿ ತಗ್ಗಿಗೆ ತಿರುಗಿ ಹೂವಿನ ಕಡೆ ಹರಿಯುವಂತೆ ಕೋನ ಸರಿಮಾಡಿದಳು. ವಿಮಾನದ ಇಂಜಿನ್ನಿಗೆ ಗಾಳಿ ತಿರುಗಿಸುವವಳು ಮೊಣಕಾಲೂರಿ ಬಾಯ್ಲರ್ ಪೈಪಿಗೆ ರಟ್ಟು ಹಿಡಿದಿದ್ದಳು. "ಸ್ವಲ್ಪ ದೂರ ಹಿಡಿ, ಸುಟ್ಟೀತು" ಎಂದರು ತಾಯಿ. "ಐ ನೋ, ಅಮ್ಮ" ಎಂದಳು ಮಗಳು. ಅವಳಿಗೆ ಬಾರಿಸಬೇಕೆಂದಿದ್ದ ನಾನು ಅವಳ ಪಕ್ಕದಲ್ಲಿ ರಟ್ಟಿನ ಇನ್ನೊಂದು ತುದಿ ಹಿಡಿದೆ.

ಮೊದಲು ಏನೂ ಆಗಲಿಲ್ಲ. ಹನ್ನೊಂದೂ ಇಪ್ಪತ್ತು. ನನ್ನ ಕೈ ನೋಯತೊಡಗಿತು. ಆಮೇಲೆ ಹೊರಗಿನ ಮೂರು ಪಕಳೆಗಳ ತುದಿ ಒಂದಕ್ಕೊಂದು ಬಿಟ್ಟುಕೊಟ್ಟವು. ಕೂದಲೆಳೆಯಷ್ಟು ಸಂದು ಕಾಣಿಸಿತು. ಅಲ್ಲಿಂದ ಮುಂದೆ ಕಣ್ಣಿಗೆ ಚಲನೆ ಕಾಣುವುದಿಲ್ಲ, ಆದರೆ ಒಂದು ಸಲ ಬೇರೆ ಕಡೆ ನೋಡಿ ತಿರುಗಿದರೆ ಇನ್ನಷ್ಟು ತೆರೆದಿರುತ್ತದೆ. ಹನ್ನೊಂದೂ ನಲವತ್ತಕ್ಕೆ ಹೂ ಪೂರ್ತಿ ಬಿಚ್ಚಿಕೊಂಡು ತನ್ನ ಕಾಂಡದ ಮೇಲೆ ನೆಟ್ಟಗೆ ನಿಂತಿತ್ತು. ಆ ಬೂದು ಬೆಳಗಿನಲ್ಲಿ ನಮ್ಮ ರಸ್ತೆಯಲ್ಲೆಲ್ಲ ಅಷ್ಟು ಹಳದಿಯಾದದ್ದು ಇನ್ನೊಂದು ಇರಲಿಲ್ಲ. ಆವಿಯ ಜೊತೆ ಅದರ ಘಮವೂ ನಮ್ಮ ಮೂವರ ಮುಖಕ್ಕೆ ಬಂತು.

"ಎಣಿಸ್ಲಾ ಮ್ಯಾಡಮ್ಮಾರೆ?" ಎಂದು ಅವರ ಧಾಟಿಯಲ್ಲೇ ಛೇಡಿಸಿದೆ. ಅಳು ತಡೆಯಲು ನನಗೆ ಬೇರೆ ದಾರಿ ಕಾಣಲಿಲ್ಲ.

"ಸುಮ್ನ ನೋಡು" ಎಂದರು ಮೇಡಂ. ಅವರ ಭೂತಗನ್ನಡಿ ಕೈಚೀಲದಲ್ಲೇ ಉಳಿಯಿತು. ಅವರ ಮುಖದಲ್ಲಿ ಇದ್ದ ಸುಖವನ್ನು ನಾನು ಬೇರೆ ಯಾರ ಮುಖದಲ್ಲೂ ಅಷ್ಟು ಹತ್ತಿರದಿಂದ ನೋಡಿಲ್ಲ.

ಅಷ್ಟರಲ್ಲಿ ಅತ್ತೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಓಡಿಬಂದರು. ನೋಡಿದ ಕೂಡಲೇ ಎರಡೂ ಕೈ ಮುಗಿದರು. ಮೇಡಂ ಕುರ್ಚಿಯಿಂದ ಎದ್ದರು. ಕೋಲು ಸರಿಮಾಡಿಕೊಂಡು ಅತ್ತೆಗೆ ಹೇಳಿದರು: "ನಾ ನೋಡಿದೆ. ನನ್ನದು ಆತು. ಇನ್ನ ನೀವು ಕಿತ್ತು ದೇವರಿಗೆ ಏರಿಸ್ರಿ, ಸಂತೋಷದಿಂದ ಹೇಳ್ತೀನಿ."

ಅತ್ತೆ ಹೂವಿನ ಕಡೆ ಕೈ ಚಾಚಲಿಲ್ಲ. "ಬೇಡ ಮೇಡಂ, ಅದು ಅಲ್ಲೇ ಇರ್ಲಿ" ಎಂದರು. "ದೇವರಿಗೆ ಬೇಕಾದ್ರೆ ಅವನೇ ಇಲ್ಲಿಗೆ ಬಂದು ನೋಡ್ಕೊಂಡು ಹೋಗ್ಲಿ."

ಮೇಡಂ ಗೇಟಿನವರೆಗೆ ಹೋದವರು ತಿರುಗಿ ನಿಂತರು.

"ಹಂಗಾರ ಅವಾ ಬರೂತನಕ ಬಾಯ್ಲರ್ ಆರಿಸಬ್ಯಾಡ್ರಿ" ಎಂದರು.

ಕಾರು ರಸ್ತೆಯ ಇಳಿಜಾರಿನಲ್ಲಿ ಮರೆಯಾಯಿತು. ನಾನು ಒಳಗೆ ಬಂದು ನಲ್ಲಿಗಳನ್ನೆಲ್ಲ ನಿಲ್ಲಿಸಿದೆ. ಹೀಟಿಂಗ್ ಮಾತ್ರ ಸಂಜೆಯವರೆಗೂ ಆರಿಸಲಿಲ್ಲ.